ನೃಪತುಂಗನ ಕಾಲದ ಸಂಖ್ಯಾಹಾರ: 12345654321

ಪರದೆಯ ಮೇಲಿರುವ ಈ ಸಂಖ್ಯೆ ನೋಡಿ: 12345654321. ಒಂದರಿಂದ ಆರರವರೆಗೆ ಏರಿ, ಅದೇ ದಾರಿಯಲ್ಲಿ ಇಳಿಯುತ್ತದೆ. ಓದುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕ್ರಿ.ಶ. 850ರ ಸುಮಾರಿಗೆ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದು ಉತ್ತರವಾಗಿ ಬರುವ ಲೆಕ್ಕ ಕೊಟ್ಟರು: 27994681ನ್ನು 441ರಿಂದ ಗುಣಿಸಿ. ಹೀಗೆ ಸಾಲಾಗಿ ಪೋಣಿಸಿದಂಥ ಉತ್ತರಗಳನ್ನು ಅವರು ಕಂಠಾಭರಣ ಎಂದರು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಿಗೆ ಈ ಕಥೆ ಪರವೂರಿನದಲ್ಲ. ಗ್ರಂಥದ ಆರಂಭದಲ್ಲಿ ಆಚಾರ್ಯರು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ನೆಚ್ಚಿನ ಸೇನಾನಿ ಬಂಕೇಶ ಬನವಾಸಿ ನಾಡನ್ನು ಆಳಿದವನು. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವಾಗ ಸಿಗುವ ಬಂಕಾಪುರಕ್ಕೆ ಬಂದದ್ದು ಅವನದೇ ಹೆಸರು. ಆಗ ನಾಡಿನ ಹೆಸರಿಗೇ ಸಂಖ್ಯೆ ಅಂಟಿಕೊಂಡಿರುತ್ತಿತ್ತು: ಬನವಾಸಿ 12000, ಇಂದಿನ ಹಾನಗಲ್ಲು ಅಂದು ಪಾನುಂಗಲ್ಲು 500. ಮಹಾವೀರರ ಎಣಿಕೆ ಸಾವಿರ, ಲಕ್ಷಗಳಿಗೆ ನಿಲ್ಲಲಿಲ್ಲ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವರು ಹೆಸರು ಕೊಟ್ಟಿದ್ದಾರೆ. ನಮ್ಮ ಸಂಖ್ಯೆಯ ಎಡತುದಿಯ ಒಂದು ನಿಂತಿರುವುದು ಹನ್ನೊಂದನೆಯ ಸ್ಥಾನವಾದ ಅರ್ಬುದದಲ್ಲಿ.

ಈಗ ಸಂಖ್ಯೆಯನ್ನು ಬಿಡಿಸೋಣ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ಪೂರ್ಣ ವರ್ಗ! ಗುಣಾಕಾರ ಮಾಡುವಾಗ 111111 ಆರು ಸಾಲಿನಲ್ಲಿ, ಒಂದೊಂದು ಮನೆ ಎಡಕ್ಕೆ ಸರಿಯುತ್ತಾ ಬರುತ್ತದೆ. ನಡುವಿನ ಮನೆಯಲ್ಲಿ ಆರು ಒಂದುಗಳು ಕೂಡುತ್ತವೆ, ಅಂಚಿನಲ್ಲಿ ಒಂದೇ. ಎಲ್ಲೂ ಹತ್ತು ಮುಟ್ಟುವುದಿಲ್ಲ, ಹಾಗಾಗಿ ದಶಕ ಒಯ್ಯುವ ಮಾತೇ ಇಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ ನಡೆಯುತ್ತದೆ. ಹತ್ತು ಒಂದುಗಳ ವರ್ಗಕ್ಕೆ ಬಂದಾಗ ನಡುವೆ ದಶಕ ಹುಟ್ಟಿ ಉತ್ತರ 1234567900987654321 ಆಗುತ್ತದೆ, ಹಾರ ಹರಿಯುತ್ತದೆ.

ವರ್ಗೀಕರಣಕ್ಕೆ ಬಂದರೆ ಇದು ಬೆಸ ಸಂಖ್ಯೆ, ಪೂರ್ಣ ವರ್ಗ, ಹಿಂದುಮುಂದಾಗಿ ಓದಿದರೂ ಅದೇ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ. ಒಂದು ಭಾಜಕ ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ. ಐದಕ್ಕೂ ಮೂರು ಮೂರು ಆಯ್ಕೆ. ಒಟ್ಟು 243 ಭಾಜಕಗಳು. ಈ ಲೆಕ್ಕವೂ ಬೆಸವೇ. ಭಾಜಕಗಳ ಸಂಖ್ಯೆ ಬೆಸವಾಗುವುದು ಪೂರ್ಣ ವರ್ಗಗಳಿಗೆ ಮಾತ್ರ. ನನಗೆ ಈ ಸಂಖ್ಯೆಯಲ್ಲಿ ಅತಿ ಚೆಂದ ಕಂಡದ್ದು ಇದೇ.

1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವೂ ಇದೆ. ಆದರೂ ನೃಪತುಂಗ ಎಂದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’ವೊಂದೇ. ಅದೇ ಕಾಲದ ಈ ಗಣಿತಕ್ಕೂ ಅಷ್ಟೇ ಮನ್ನಣೆ ಸಲ್ಲಬೇಕು.

ಹಾವೇರಿ ಸೀಮೆಯ ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದು ವಿನಂತಿ. ಗುಣಾಕಾರ ಕಲಿಸುವ ದಿನ ಮಹಾವೀರರದೇ ಇನ್ನೊಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿರಿ: 152207 × 73. ಉತ್ತರವನ್ನು ಮಕ್ಕಳೇ ಕಂಡುಕೊಳ್ಳಲಿ.