ನಡಾವಳಿಯ ಕೊನೆಯ ಸಹಿ

(ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಸೇರಿದ್ದ ಸುತ್ತಲಿನ ರೈತ ಬಳಗಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೀಜ, ಮಣ್ಣು, ಗೋವಿನಜೋಳದ ರೋಗಗಳ ಕುರಿತು ಮಾತನಾಡಲು ಕರೆದರೆ ನಾನು ಸಂತೋಷದಿಂದ ಬರುತ್ತೇನೆ. ಈ ಬಾರಿ ತಾವು ಕೊಟ್ಟಿರುವ ವಿಷಯ ಸಭೆಯ ನಡಾವಳಿ. ಇದು ಶುಷ್ಕವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರದಿರಲು ಕಾರಣವಿದೆ. ಈ ಕಾಗದವನ್ನು ಅಲಕ್ಷಿಸಿ ನಾವು ಒಂದು ಗುಡ್ಡವನ್ನೇ ಕಳೆದುಕೊಂಡೆವು.

ಹಲವು ವರ್ಷಗಳ ಹಿಂದಿನ ಮಾತು. ಘಟ್ಟದ ಒಂದು ಹಳ್ಳಿಯ ಸಣ್ಣ ಸಮಿತಿಗೆ ನಾನು ಕಾರ್ಯದರ್ಶಿಯಾಗಿದ್ದೆ. ಊರ ಮೇಲಿನ ಬೋಳುಗುಡ್ಡದಲ್ಲಿ ಅಕೇಶಿಯಾ ನೆಡುವ ಪ್ರಸ್ತಾವ ಬಂದಿತ್ತು. ಗೌಳಿಗಳು, ಸಿದ್ದಿಗಳು, ತೋಟಿಗರು ಕೂಡಿ ಮೂರು ಗಂಟೆ ಚರ್ಚಿಸಿ, ಅಕೇಶಿಯಾ ಬೇಡ, ನೆಲ್ಲಿ, ಹೊನ್ನೆ, ಮತ್ತಿ, ಅಂಟುವಾಳ ಇರಲಿ, ಕೆರೆಯ ಮೇಲಿನ ಹುಲ್ಲುಗಾವಲನ್ನು ಮುಟ್ಟುವುದು ಬೇಡವೆಂದು ನಿರ್ಧರಿಸಿದರು. ಅದನ್ನೆಲ್ಲ ನಾನು ನನ್ನ ಸ್ವಂತ ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡೆ. ಹಾಜರಿಯ ಸಹಿಗಳು ಬೇರೊಂದು ಬಿಡಿ ಹಾಳೆಯಲ್ಲಿದ್ದವು. ಬಿತ್ತನೆಯ ಕಾಲ, ಶುದ್ಧಪ್ರತಿ ಮಾಡಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಅಧ್ಯಕ್ಷರು ಮಗಳ ಊರಿಗೆ ಹೋಗಿದ್ದರು. ಸಹಿಯಿಲ್ಲದ ಪ್ರತಿಯನ್ನೇ ಕಚೇರಿಗೆ ಒಯ್ದೆ. ಅಲ್ಲಿದ್ದವರು ತಿರುವಿ ನೋಡಿ, "ಇದು ಸಭೆಯ ಠರಾವೋ, ತಮ್ಮ ಅಭಿಪ್ರಾಯವೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಗುಡ್ಡದಲ್ಲಿ ಗುಂಡಿ ತೋಡುವ ಕೆಲಸ ಅದಾಗಲೇ ಮುಗಿದಿತ್ತು.

ಕಚೇರಿಯನ್ನು ದೂರುವುದು ಸುಲಭ. ಆದರೆ ಆ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದ್ದ ಗೌಳಿ ಅಜ್ಜಿಯೊಬ್ಬರು ಮುಂದೆ ಸಂತೆಯಲ್ಲಿ ಸಿಕ್ಕಾಗ, "ನಾ ಅವತ್ತು ಹೇಳಿದ್ದು ಎಲ್ಲಿ ಹೋತು, ತಂಗೀ?" ಎಂದು ಕೇಳಿದರು. ಅದು ನನ್ನ ಚೀಲದಲ್ಲಿತ್ತು ಎಂದು ಹೇಳುವ ಧೈರ್ಯವಾಗಲಿಲ್ಲ.

ಪ್ರಯೋಗದ ತಾಕಿನ ಎಣಿಕೆಯನ್ನು ಅಂದು ಸಂಜೆಯೇ ಬರೆದಿಡದಿದ್ದರೆ ಅದು ನೆನಪಿನ ಲೆಕ್ಕವಾಗಿಬಿಡುತ್ತದೆಂದು ನಮ್ಮ ಶಾಸ್ತ್ರದಲ್ಲಿ ಎಳೆಯರಿಗೆ ಮೊದಲು ಕಲಿಸುತ್ತೇವೆ. ನಡಾವಳಿಯೂ ಹಾಗೆಯೇ. ಹೊಲಿದ ಪುಸ್ತಕವಿರಲಿ, ಪುಟಸಂಖ್ಯೆ ಮೊದಲೇ ಹಾಕಿರಲಿ. ದಿನಾಂಕ, ಸ್ಥಳ, ಹಾಜರಿ, ವಿಷಯ, ಠರಾವು, ಸೂಚಕರು, ಅನುಮೋದಕರು. ಭಿನ್ನಾಭಿಪ್ರಾಯವಿದ್ದರೆ ಅದೂ ದಾಖಲಾಗಲಿ. ಸಭೆ ಚದುರುವ ಮುನ್ನ ಗಟ್ಟಿಯಾಗಿ ಓದಿ, ಕೊನೆಯ ಸಾಲಿನ ಕೆಳಗೆ ಜಾಗ ಬಿಡದೆ ಅಧ್ಯಕ್ಷರೂ ಕಾರ್ಯದರ್ಶಿಯೂ ಸಹಿ ಮಾಡಲಿ. ಮುಂದಿನ ಸಭೆಯಲ್ಲಿ ಅದನ್ನು ದೃಢೀಕರಿಸುವುದು ಬರೆದದ್ದು ಸರಿಯಿದೆಯೆಂದು ಹೇಳುವುದಕ್ಕಷ್ಟೇ. ಹಳೆಯ ನಿರ್ಧಾರವನ್ನು ತಿದ್ದುವುದಕ್ಕೆ ಹೊಸ ಠರಾವೇ ಬೇಕು.

ಖಾಲಿ ಹಾಳೆಗೆ ಮಾತ್ರ ಯಾರೂ ಸಹಿ ಹಾಕಬೇಡಿ. "ಆಮೇಲೆ ಬರೆದುಕೊಳ್ಳುತ್ತೇವೆ" ಎಂಬ ಮಾತನ್ನು ಮಲೆನಾಡಿನಲ್ಲಿ ನಾನು ಬಹಳ ಕೇಳಿದ್ದೇನೆ. ಹೆಬ್ಬೆಟ್ಟಿನ ಗುರುತಾದರೆ ಪಕ್ಕದಲ್ಲಿ ಹೆಸರನ್ನೂ ಸಾಕ್ಷಿಯ ಸಹಿಯನ್ನೂ ಹಾಕಿಸಿ.

ಈ ಕಾಲೊನಿ 1966ರಲ್ಲಿ ನೆಲೆಗೊಂಡಿತು. ಇಲ್ಲಿನ ಹಿರಿಯರು ಕೆಲವರು ಟಿಬೆಟನ್ ಲಿಪಿಯಲ್ಲಿ ಸಹಿ ಮಾಡಲು ಸಂಕೋಚಪಡುತ್ತಾರೆಂದು ಕೇಳಿದೆ. ಸಂಕೋಚ ಬೇಡ. ಸಹಿ ಯಾವ ಲಿಪಿಯಲ್ಲಿದ್ದರೂ ಸಹಿಯೇ. ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆದರೆ ಸಾಕು. ಆದರೆ ಓದುವಾಗ ಎರಡೂ ಭಾಷೆಗಳಲ್ಲಿ ಓದಬೇಕು. ತಿಳಿಯದ ಮಾತಿಗೆ ಹಾಕಿಸಿಕೊಂಡ ಸಹಿ ಖಾಲಿ ಹಾಳೆಯ ಸಹಿಗಿಂತ ಬೇರೆಯಲ್ಲ.

ಇನ್ನು ಸಲ್ಲಿಸುವ ಮಾತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿಸಿದವರು ವಾರ್ಷಿಕ ಸಭೆಯಾದ ಹದಿನಾಲ್ಕು ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಒಪ್ಪಿಸಬೇಕು. ಯಾವ ಕಚೇರಿಗೇ ಆಗಲಿ ಮೂಲ ಪುಸ್ತಕವನ್ನು ಬಿಟ್ಟುಬರಬೇಡಿ. ದೃಢೀಕರಿಸಿದ ನಕಲು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಪಡೆಯಿರಿ. ಕೊಡಲೊಲ್ಲೆವೆಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನು ಪುಸ್ತಕಕ್ಕೇ ಅಂಟಿಸಿ.

2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ ನಮ್ಮ ಕಾಡಂಚಿನ ಹಳ್ಳಿಗಳಿಗೆ ಇದು ಬದುಕಿನ ಪ್ರಶ್ನೆಯೇ ಆಗಿದೆ. 2012ರ ತಿದ್ದುಪಡಿಯಂತೆ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಸೇರಬೇಕು; ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸೇರಿದ್ದರೆಂದು ತೋರಿಸುವುದು ಹಾಜರಿಯ ಪುಟವಲ್ಲದೆ ಮತ್ತೇನು? ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಹನ್ನೆರಡು ಗ್ರಾಮಸಭೆಗಳು ಜಿಲ್ಲಾ ನ್ಯಾಯಾಧೀಶರ ಸಮ್ಮುಖದಲ್ಲಿ ನಡೆದು, ಹನ್ನೆರಡೂ ಬಾಕ್ಸೈಟ್ ಗಣಿ ಬೇಡವೆಂದು ಠರಾವು ಮಾಡಿದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಆ ಯೋಜನೆಯನ್ನು ತಿರಸ್ಕರಿಸಿತು. ಡೋಂಗ್ರಿಯಾ ಕೊಂಧರು ಬೆಟ್ಟದ ಮೇಲೆ ಆಡಿದ ಮಾತು ಹೀಗೆ ಕಾಗದವಾಗಿ ದೆಹಲಿಯನ್ನು ತಲುಪಿತ್ತು.

ನನ್ನ ಮಾತು ಇಷ್ಟೇ. ಇಂದಿನ ಸಭೆಯ ನಡಾವಳಿಯನ್ನು ಕಾರ್ಯದರ್ಶಿಗಳು ಆ ಮೂಲೆಯಲ್ಲಿ ಕುಳಿತು ಬರೆಯುತ್ತಲೇ ಇದ್ದಾರೆ. ಚಹಾ ಸ್ವಲ್ಪ ತಡವಾಗಲಿ. ಮೊದಲು ಅವರು ಓದಲಿ, ಟಿಬೆಟನ್ ಭಾಷೆಯಲ್ಲೂ ಒಬ್ಬರು ಹೇಳಲಿ.