ಮನೆ ಕೆಲಸಕ್ಕೆ ಕೈ ಹಾಕುವ ಮುನ್ನ ಲೆಕ್ಕ ಹಾಕಿ

(ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಉತ್ಪಾದಕ ಸದಸ್ಯೆಯೊಬ್ಬರು ಮಾಡಿದ ಭಾಷಣ)



ಕೆಚ್ಚಲು ಬಾವಿನ ಬಗ್ಗೆ ಡಾಕ್ಟರು ಈಗಾಗಲೇ ವಿವರವಾಗಿ ಹೇಳಿದ್ದಾರೆ. ನಾನು ಮನೆ ಕೆಲಸದ ಲೆಕ್ಕದ ಬಗ್ಗೆ ಎರಡು ಮಾತು ಹೇಳುತ್ತೇನೆ. ಹಾಲಿನ ಸಭೆಯಲ್ಲಿ ಮನೆಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಅನೇಕರ ಮನೆ ಏಳುವುದು ಹಾಲಿನ ಹಣದಿಂದಲೇ. ಲೆಕ್ಕ ತಪ್ಪಿದರೆ ಮೊದಲು ಮಾರಾಟವಾಗುವುದೂ ಕೊಟ್ಟಿಗೆಯ ಹಸುವೇ.

ನಮ್ಮದು ಆರು ಚದರದ ಹೆಂಚಿನ ಮನೆ. ಹೆಂಚು ಇಳಿಸಿ ಆರ್.ಸಿ.ಸಿ. ತಾರಸಿ ಹಾಕಿಸಲು ಹೊರಟೆವು. ಮೇಸ್ತ್ರಿ ಸಿಮೆಂಟು, ಕಬ್ಬಿಣ, ಕೂಲಿಯ ಲೆಕ್ಕ ಕೊಟ್ಟರು. ಅಷ್ಟಕ್ಕೇ ಸರಿಯಾಗಿ ಹಣ ಹೊಂದಿಸಿದೆವು. ಹಳೆಯ ಮಣ್ಣಿನ ಗೋಡೆ ಆ ಭಾರ ತಡೆಯುವುದಿಲ್ಲ ಎಂದು ತಿಳಿದದ್ದು ಹೆಂಚು ಇಳಿಸಿದ ಮೇಲೆ. ಐದು ಅಂಗುಲದ ಆರ್.ಸಿ.ಸಿ. ಚದರಕ್ಕೆ ಸುಮಾರು 3 ಟನ್ ತೂಗುತ್ತದೆ. ಕಂಬ, ತೊಲೆ ಎಬ್ಬಿಸಬೇಕಾಯಿತು. ಹಣ ಮುಗಿಯಿತು, ಮಳೆಗಾಲ ಹತ್ತಿರ ಬಂತು. ದಿನಕ್ಕೆ 12 ಲೀಟರ್ ಕೊಡುತ್ತಿದ್ದ ಹಸುವನ್ನು ಮಾರಿದೆವು. ತಾರಸಿಯೇನೋ ಆಯಿತು, ಬಟವಾಡೆ ಅರ್ಧಕ್ಕೆ ಇಳಿಯಿತು. ಅದರ ಹೆಣ್ಣು ಕರುವನ್ನು ಉಳಿಸಿಕೊಂಡಿದ್ದೆವು. ಅದು ಬೆಳೆದು ಹಾಲಿಗೆ ಬರುವವರೆಗೆ ಎರಡೂವರೆ ವರ್ಷ ಕಷ್ಟಪಟ್ಟೆವು.

ಈ ಕಷ್ಟ ನಿಮಗೆ ಬರಬಾರದು. ಅದಕ್ಕಾಗಿ ನನ್ನ ಕೆಲವು ಸಲಹೆಗಳು.

ಮೊದಲನೆಯದು, ಹೆಂಚು ಇಳಿಸುವ ಮುನ್ನವೇ ಗೋಡೆ, ಪಾಯವನ್ನು ಇಂಜಿನಿಯರಿಗೆ ತೋರಿಸಿ. ಅವರಿಗೆ ಕೊಡುವ ಹಣ ದಂಡವಲ್ಲ.

ಎರಡನೆಯದು, ಲೆಕ್ಕವನ್ನು ಬರೆದಿಡಿ. ಆರು ಚದರಕ್ಕೆ ತಾರಸಿ ಒಂದಕ್ಕೇ 55ರಿಂದ 60 ಮೂಟೆ ಸಿಮೆಂಟು, 500ರಿಂದ 600 ಕಿಲೋ ಕಬ್ಬಿಣ ಬೇಕಾಗುತ್ತದೆ. ಸೆಂಟ್ರಿಂಗ್ ಬಾಡಿಗೆ, ಜಲ್ಲಿ ಮತ್ತು ಎಂ-ಸ್ಯಾಂಡ್ ಸಾಗಣೆ, ನೀರಿನ ಟ್ಯಾಂಕರ್, ವೈರಿಂಗ್, ಕೆಲಸದವರ ಕಾಫಿ-ತಿಂಡಿ, ಅಲ್ಲಿಯವರೆಗೆ ನಾವಿರುವ ಮನೆಯ ಬಾಡಿಗೆ, ಇವೆಲ್ಲ ಮರೆತುಹೋಗುವ ಬಾಬುಗಳು. ಇವನ್ನೂ ಕೂಡಿಸಿ, ಬಂದ ಮೊತ್ತಕ್ಕೆ ನೂರಕ್ಕೆ ಇಪ್ಪತ್ತರಷ್ಟು ಸೇರಿಸಿ. ಹಳೆಯ ಮನೆಯನ್ನು ಬಿಚ್ಚಿದಾಗ ಏನು ಕಾಣುತ್ತದೋ ಹೇಳಲಾಗದು.

ಮೂರನೆಯದು, ಸಂಘದ ಪಾಸ್ ಪುಸ್ತಕ ತೆಗೆದು ಇಡೀ ವರ್ಷದ ಬಟವಾಡೆ ನೋಡಿ. ಹಸು ಈದ ಹೊಸದರಲ್ಲಿ ಬರುವ ಹಣ ನೋಡಿ ಸಾಲದ ಕಂತು ಒಪ್ಪಿಕೊಳ್ಳಬೇಡಿ. ಮುಂದಿನ ಈತಕ್ಕೆ ಮುಂಚೆ ಸುಮಾರು 60 ದಿನ ಹಾಲು ಬತ್ತಿಸಲೇಬೇಕು. ಆಗ ಹಾಲಿಲ್ಲ, ಮೇವು-ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ. ಅಂಥ ತಿಂಗಳಲ್ಲೂ ಕಟ್ಟಬಹುದಾದ ಕಂತೇ ನಮ್ಮ ನಿಜವಾದ ಶಕ್ತಿ.

ನಾಲ್ಕನೆಯದು, ಅರ್ಧ ಕೆಲಸದಲ್ಲಿ ಕೈಸಾಲಕ್ಕೆ ಓಡಬೇಡಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ಸಣ್ಣದೆನಿಸುತ್ತದೆ. 2 ಲಕ್ಷಕ್ಕೆ ಅದು ತಿಂಗಳಿಗೆ 4,000, ವರ್ಷಕ್ಕೆ 48,000 ರೂಪಾಯಿ. ಅಸಲು ಹಾಗೆಯೇ ಉಳಿದಿರುತ್ತದೆ.

ಕೊನೆಯದಾಗಿ, ಕೆಲಸವನ್ನು ಹಂತಹಂತವಾಗಿ ಮಾಡಿ. ಕಂಬ, ತಾರಸಿ ಒಂದೇ ಬೇಸಿಗೆಯಲ್ಲಿ ಮುಗಿಯಲಿ. ನೆಲದ ಟೈಲ್ಸ್, ಬಣ್ಣ ಮುಂದಿನ ವರ್ಷಕ್ಕಿರಲಿ. ಮನೆಯ ಗಂಡಸರು, ಹೆಂಗಸರು ಕೂಡಿ ಕುಳಿತು ಲೆಕ್ಕ ಹಾಕಿ.

ಮನೆ ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಕರೆಯುವ ಹಸು ಮಾತ್ರ ಕೊಟ್ಟಿಗೆಯಲ್ಲೇ ಇರಲಿ.