ಬಾಲ್ಸಾದ ಎಳೆ ನೋಡಿ ರೆಕ್ಕೆ ಕಟ್ಟೋದು

ಈ ಎರಡು ಹಾಳೆ ನೋಡಿ. ಎರಡೂ ಬಾಲ್ಸಾ, ಎರಡೂ 1 ಮಿಲಿಮೀಟರ್ ದಪ್ಪ, ತೂಕವೂ ಹೆಚ್ಚುಕಡಿಮೆ ಒಂದೇ. ಮೊದಲನೇದನ್ನ ಅಗಲಕ್ಕೆ ಬಾಗಿಸ್ತೀನಿ. ಬಾಳೆ ಎಲೆ ಸುತ್ತಿದ ಹಾಗೆ ಸುರುಳಿ ಆಗ್ತಿದೆ. ಈಗ ಎರಡನೇದು. ಬಗ್ಗಲ್ಲ ಅಂತ ಹಟ ಹಿಡಿದಿದೆ. ಇನ್ನೊಂಚೂರು ಒತ್ತಿದೆ, ಕೇಳಿಸ್ತಾ? ಚಟ್ ಅಂತ ಸೀಳಿಹೋಯ್ತು.

ಮರ ಒಂದೇ, ಕೊಯ್ದ ದಿಕ್ಕು ಬೇರೆ. ದಿಮ್ಮಿಯ ನಡುವಿನಿಂದ ತೊಗಟೆ ಕಡೆಗೆ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ, ಸಣ್ಣ ಸಣ್ಣ ಕಿರಣಗಳು ಹೋಗಿರ್ತವೆ. ಆ ಕಡ್ಡಿಗಳ ಗುಂಟ ಕೊಯ್ದರೆ ಅವು ಹಾಳೆಯ ಅಗಲಕ್ಕೆ ಮಲಗಿಬಿಡ್ತವೆ. ಅಗಲಕ್ಕೆ ಬಿಗುವು ಬರೋದು ಅದರಿಂದಲೇ. ಇದು ಸಿ-ಗ್ರೇನ್. ಕಡ್ಡಿಗಳಿಗೆ ಅಡ್ಡಲಾಗಿ ಕೊಯ್ದರೆ ಎ-ಗ್ರೇನ್, ಸುಲಭವಾಗಿ ಬಾಗುತ್ತೆ. ಇವೆರಡರ ನಡುವಿನದು ಬಿ. ಕಿಟಕಿ ಹತ್ತಿರ ಹಿಡಿದು ಓರೆ ಮಾಡಿ ನೋಡಿ: ಸಿ-ಗ್ರೇನಿನ ಮೈಮೇಲೆ ರೇಷ್ಮೆಯ ಮಿಂಚಿನಂಥ ಚುಕ್ಕೆಗಳು, ಎ-ಗ್ರೇನಿನಲ್ಲಿ ಉದ್ದುದ್ದ ಗೆರೆಗಳು. ಒಮ್ಮೆ ಕಣ್ಣಿಗೆ ಹತ್ತಿದರೆ ಆಮೇಲೆ ತಪ್ಪೋದಿಲ್ಲ.

ಒಳಾಂಗಣದಲ್ಲಿ ಹಾರಿಸೋ ಎಫ್1ಡಿ ವರ್ಗದ ಮಾದರಿ ವಿಮಾನದ ರೆಕ್ಕೆ 550 ಮಿಲಿಮೀಟರ್ ತನಕ ಇರಬಹುದು. ಅದನ್ನ ಹಾರಿಸೋ ರಬ್ಬರ್ ಬಿಟ್ಟು ಇಡೀ ವಿಮಾನದ ಕನಿಷ್ಠ ತೂಕ ಬರೀ 1.4 ಗ್ರಾಂ! ಇಂಥ ಕಡೆ ಗ್ರೇನ್ ತಪ್ಪಿದರೆ ಮುಚ್ಚಿಕೊಳ್ಳೋಕೆ ಜಾಗವೇ ಇಲ್ಲ. ನನ್ನ ಮೊದಲ ರೆಕ್ಕೆಗೆ ಆಕಾರ ಕೊಡೋ ಅಡ್ಡಪಟ್ಟಿಗಳನ್ನ, ಅಂದರೆ ರಿಬ್‌ಗಳನ್ನ ಎ-ಗ್ರೇನಿನಲ್ಲಿ ಕತ್ತರಿಸಿದ್ದೆ. ತೆಳು ಫಿಲ್ಮ್ ಅಂಟಿಸಿದ ಮೇಲೆ ಒಂದೊಂದು ರಿಬ್ಬೂ ಒಂದೊಂದು ಕಡೆ ವಾಲಿತ್ತು. ರಾತ್ರಿಯೆಲ್ಲ ಕೂತು ಕಟ್ಟಿದ್ದು, ತುಂಬಾ ಸಂಕಟ ಆಯ್ತು. ಅವತ್ತಿನಿಂದ ರಿಬ್‌ಗೆ ಸಿ-ಗ್ರೇನ್ ಬಿಟ್ಟು ಬೇರೆ ಮುಟ್ಟಿಲ್ಲ. ಬಾಗಿಸಿ ಕೊಳವೆ ಸುತ್ತಬೇಕಾದಲ್ಲಿ ಮಾತ್ರ ಎ-ಗ್ರೇನ್.

ಆದರೆ ಗ್ರೇನ್ ನೋಡೋದಕ್ಕಿಂತ ಮೊದಲು ತೂಕ ನೋಡಿ. 100 ಮಿಲಿಮೀಟರ್ ಅಗಲ, 1 ಮೀಟರ್ ಉದ್ದ, 1 ಮಿಲಿಮೀಟರ್ ದಪ್ಪದ ಹಾಳೆ ತಕ್ಕಡಿ ಮೇಲಿಡಿ. ಎಷ್ಟು ಗ್ರಾಂ ಬರುತ್ತೋ ಅದನ್ನ ಹತ್ತರಿಂದ ಗುಣಿಸಿ, ಅದೇ ಸಾಂದ್ರತೆ. 8 ಗ್ರಾಂ ಬಂದರೆ ಘನಮೀಟರಿಗೆ 80 ಕಿಲೋ, ರಿಬ್‌ಗೆ ಒಳ್ಳೇ ಮರ. ಅದೇ ಅಳತೆಯ ಇನ್ನೊಂದು ಹಾಳೆ 16 ಗ್ರಾಂ ತೂಗಬಹುದು. ಅದು ಎಷ್ಟೇ ಚೆಂದದ ಸಿ-ಗ್ರೇನ್ ಆಗಿರಲಿ, ಪಕ್ಕಕ್ಕಿಡಿ.

ಇನ್ನು ಸ್ಪಾರ್. ರೆಕ್ಕೆಯ ಉದ್ದಕ್ಕೂ ಭಾರ ಹೊರೋ ಕಡ್ಡಿ ಇದು. ಇಲ್ಲಿ ಎಳೆ ತುದಿಯಿಂದ ತುದಿಗೆ ನೇರವಾಗಿ ಓಡಬೇಕು. ನಡುವೆ ಓರೆಯಾಗಿ ಅಂಚಿಗೆ ಹೊರಟುಹೋದರೆ ಮುರಿಯೋದು ಅಲ್ಲೇ. ಒಂದೇ ಹಾಳೆಯಿಂದ ಅಕ್ಕಪಕ್ಕದ ಕಡ್ಡಿಗಳನ್ನ ಕೊಯ್ದು, ಮೇಜಿನ ಅಂಚಿನಿಂದ ಅಷ್ಟಷ್ಟೇ ಹೊರಚಾಚಿ, ತುದಿಗೆ ಒಂದೇ ಪುಟ್ಟ ತೂಕ ನೇತುಹಾಕಿ. ಒಂದೇ ಸಮ ಬಾಗಿದ ಎರಡನ್ನ ಆರಿಸಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ: ಒಂದು ಎಡ ರೆಕ್ಕೆಗೆ, ಒಂದು ಬಲಕ್ಕೆ.